ಮಾವನವರ ಕಾರ್ಡಿನ ಕಂತು

ನಮ್ಮ ಮಾವನವರಿಗೆ ಸಾಲವೆಂದರೆ ಹೆದರಿಕೆ ಇರಲಿಲ್ಲ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ, ಅಳತೆಯ ಉಪಕರಣಗಳು ನೆಟ್ಟಗೆ ಅಳೆಯುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸುವ ವಿಭಾಗದಲ್ಲಿ ನಿವೃತ್ತಿಯವರೆಗೂ ದುಡಿದವರು. ವಿಜಯಪುರದ ಕಡೆಯಿಂದ ಹೈದರಾಬಾದಿಗೆ ಬಂದದ್ದೇ ಆ ನೌಕರಿಗಾಗಿ. ಕಾರ್ಖಾನೆಯಲ್ಲಿ ನೌಕರರದೇ ಒಂದು ಪತ್ತಿನ ಸೊಸೈಟಿ ಇತ್ತು. ಸ್ಕೂಟರಿಗೆ, ತಂಗಿಯರ ಮದುವೆಗೆ, ಜೀಡಿಮೆಟ್ಲಾ ಹತ್ತಿರದ ಈ ಮನೆಗೆ, ಎಲ್ಲದಕ್ಕೂ ಅವರು ಸಾಲ ತೆಗೆದದ್ದು ಅಲ್ಲೇ. ಈ ತಿಂಗಳು ಇಷ್ಟು ಎಂದು ಸೊಸೈಟಿ ಹೇಳುತ್ತಿತ್ತು, ಅಷ್ಟು ಸಂಬಳದಲ್ಲಿ ಮುರಿದುಹೋಗುತ್ತಿತ್ತು, ಒಂದು ದಿನ ಸಾಲ ತೀರಿತೆಂದು ಚೀಟಿ ಬರುತ್ತಿತ್ತು. ಆ ದಿನ ಮಾವನವರು ಮನೆಗೆ ಪೇಡೆ ತರುತ್ತಿದ್ದರಂತೆ.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅವರ ಕರಾರುವಾಕ್ಕುತನಕ್ಕೆ ಬೇಸತ್ತು ಹೋಗಿದ್ದೆ. ಕರೆಂಟ್ ಬಿಲ್ಲು ಬಂದ ದಿನವೇ ಕಟ್ಟಬೇಕು. ಹಾಲಿನವಳ ಚಿಲ್ಲರೆ ಎಣಿಸಿ ಕಿಟಕಿಯಲ್ಲಿ ಇಟ್ಟಿರಬೇಕು. ಒಮ್ಮೆ ಮನೆಗೆ ಬಂದ ಬೀಗರ ಕೈಗಡಿಯಾರ ನೋಡಿ, "ನಿಮ್ದು ಎರಡು ಮಿನಿಟ್ ಮುಂದ ಐತ್ರಿ" ಎಂದು ಅದನ್ನು ಬಿಚ್ಚಿಸಿ ಸರಿಮಾಡಿ ಕೊಟ್ಟ ಮಹಾನುಭಾವರು. ಬೀಗರು ಇವತ್ತಿಗೂ ನಮ್ಮ ಮನೆಗೆ ಬರುವಾಗ ಗಡಿಯಾರ ಕಟ್ಟಿಕೊಂಡು ಬರುವುದಿಲ್ಲ.

ಆದರೆ ಇದೇ ಗುಣಕ್ಕೆ ನಮ್ಮ ಕನ್ನಡ ಸಂಘದವರು ಅವರನ್ನು ಬಿಡದೆ ಖಜಾಂಚಿ ಮಾಡಿಕೊಂಡಿದ್ದರು. ಸಂಘ ಅಂದರೆ ದೊಡ್ಡದೇನಲ್ಲ. ಕೇಂದ್ರ ಸರಕಾರದ ಕಾರ್ಖಾನೆಗಳಿಗೆಂದು ಕರ್ನಾಟಕದ ನಾನಾ ಕಡೆಯಿಂದ ಬಂದು ಇಲ್ಲೇ ಉಳಿದ ಮನೆಗಳು. ಹೊರಗೆ ತೆಲುಗು, ಅಂಗಡಿಯಲ್ಲಿ ಹಿಂದಿ, ಸಂಘಕ್ಕೆ ಬಂದ ದಿನ ಬಾಯಿತುಂಬ ಕನ್ನಡ. ಪಿಂಚಣಿಯ ಅರ್ಜಿ ತುಂಬಿಸಬೇಕೆಂದರೆ, ಮಗಳಿಗೆ ನೋಡಿದ ಹುಡುಗನ ಸಂಬಳ ನಿಜವೋ ಸುಳ್ಳೋ ತಿಳಿಯಬೇಕೆಂದರೆ, ಎಲ್ಲರೂ ನಮ್ಮ ಮನೆಗೇ ಬರುತ್ತಿದ್ದರು. "ಅವರು ಹೂಂ ಅಂದ್ರ ಮುಗೀತು" ಎನ್ನುವುದು ಅಲ್ಲಿ ವಾಡಿಕೆಯಾಗಿತ್ತು. ಮಾವನವರಿಗೆ ಅದು ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು.

ಒಂದು ವರ್ಷ ಸಂಘದ ರಾಜ್ಯೋತ್ಸವದ ದಿನ ಬ್ಯಾಂಕೊಂದರವರು ಸಭಾಭವನದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತರು. ಕ್ರೆಡಿಟ್ ಕಾರ್ಡ್ ತೆಗೆದುಕೊಂಡವರಿಗೆ ಒಂದು ಪ್ರಯಾಣದ ಚೀಲ ಉಚಿತ. ಪಿಂಚಣಿದಾರರೆಂದರೆ ಅವರಿಗೂ ಪ್ರೀತಿ, ತಿಂಗಳಿಗೆ ತಪ್ಪದೆ ಹಣ ಬರುವ ಖಾತೆಗಳಲ್ಲವೇ. ನಾನು ಹಿಂದೆ ಬಡಿಸುವವರ ಜೊತೆ ಚಪಾತಿ ಬುಟ್ಟಿ ಹಿಡಿದಿದ್ದೆ. ಬಾಗಿಲಲ್ಲಿ ನಡೆದದ್ದು ನನಗೆ ಆಮೇಲೆ ತಿಳಿದದ್ದು. ಮಾವನವರು ಮೇಜಿನ ಹತ್ತಿರ ಹೋಗಿ, "ಬಡ್ಡಿ ಎಷ್ಟು?" ಎಂದು ಕೇಳಿದ್ದಾರೆ. ಮೇಜಿನ ಹಿಂದೆ ಕೂತಿದ್ದ ಹುಡುಗಿ, "ಮೂರೂವರೆ ಪರ್ಸೆಂಟ್ ಅಂಕಲ್" ಎಂದಿದ್ದಾಳೆ. ತಿಂಗಳಿಗೆ ಎಂದು ಅವಳು ಹೇಳಲಿಲ್ಲ, ವರ್ಷಕ್ಕೋ ತಿಂಗಳಿಗೋ ಎಂದು ಇವರು ಕೇಳಲಿಲ್ಲ. ಬ್ಯಾಂಕು ಪರ್ಸೆಂಟ್ ಎಂದರೆ ವರ್ಷಕ್ಕೆ ಎಂದೇ ಅವರ ಜನ್ಮದ ತಿಳಿವಳಿಕೆ. ಸೊಸೈಟಿಯಲ್ಲೂ ಹಾಗೇ ಇತ್ತು, ಪಿಎಫ್‌ನಲ್ಲೂ ಹಾಗೇ, ಠೇವಣಿಯಲ್ಲೂ ಹಾಗೇ.

"ನಮ್ಮ ಸೊಸೈಟಿಗಿಂತ ಅಗ್ಗ ಐತಿ" ಎಂದು ಅವರು ಸಹಿ ಹಾಕಿದರು. ಅಷ್ಟಕ್ಕೇ ಬಿಟ್ಟಿದ್ದರೆ ಇದು ನಮ್ಮ ಮನೆಯ ಮಾತಾಗಿ ಉಳಿಯುತ್ತಿತ್ತು. ಖಜಾಂಚಿಯ ವರದಿ ಓದಲು ವೇದಿಕೆ ಹತ್ತಿದಾಗ ಮೈಕಿನಲ್ಲೇ ಹೇಳಿಬಿಟ್ಟರು. "ನಾ ಕಾರ್ಡ್ ತಗೊಂಡೀನ್ರಿ. ಪೂರಾ ಕಟ್ಟಾಕ ಆಗದಿದ್ರ, ಕನಿಷ್ಠ ಇಷ್ಟು ಕಟ್ಟ್ರಿ ಅಂತ ಅವರೇ ತಿಂಗಳಾ ಕಳಸ್ತಾರ. ನಮ್ಮ ಸೊಸೈಟಿ ಕಂತಿನಂಗ. ಹೆದರೂದೇನೂ ಇಲ್ಲ." ಊಟ ಮುಗಿಯುವಷ್ಟರಲ್ಲಿ ಮೇಜಿನ ಮೇಲಿನ ಚೀಲಗಳೆಲ್ಲ ಖಾಲಿ. ಮುಂದೆ ಯಾರ ಮನೆಗೆ ಹೋದರೂ ಅಟ್ಟದ ಮೇಲೆ ಅದೇ ನೀಲಿ ಚೀಲ ಕಾಣುತ್ತಿತ್ತು.

ಆ ಕಾರ್ಡಿನಲ್ಲಿ ಅವರು ಮೊದಲು ಕೊಂಡದ್ದು ನಮ್ಮ ಅತ್ತೆಗೆ ಕಿವಿಯ ಯಂತ್ರ. ಎರಡೂ ಕಿವಿಗೆ ಸೇರಿ ಬೆಲೆ ಲಕ್ಷದ ಹತ್ತಿರ ಹೋಯಿತು. ಬ್ಯಾಂಕಿನಲ್ಲಿ ಠೇವಣಿ ಇತ್ತು, ಆದರೆ ಅದಕ್ಕೆ ಏಳರ ಬಡ್ಡಿ ಬರುತ್ತಿದೆ, ಕಾರ್ಡಿಗೆ ಮೂರೂವರೆ ಕೊಟ್ಟರೆ ಸಾಕು, ಠೇವಣಿ ಯಾಕೆ ಮುರಿಯಲಿ ಎಂಬುದು ಅವರ ಹಿಸಾಬು. ಕೇಳಿದರೆ ಯಾರಾದರೂ ತಲೆದೂಗುವಂಥ ಹಿಸಾಬೇ. ಅತ್ತೆಗೆ ಕುಕ್ಕರಿನ ಸೀಟಿ ಮತ್ತೆ ಕೇಳಿಸಿತು, ನಾವು ಒಳಮನೆಯಲ್ಲಿ ಪಿಸುಗುಟ್ಟುವುದೂ ಕೇಳಿಸತೊಡಗಿತು. ಆಮೇಲೆ ಔಷಧಿ, ಕಿರಾಣಿ, ಗ್ಯಾಸು ಎಲ್ಲವೂ ಆ ಕಾರ್ಡಿಗೇ. ತಿಂಗಳಿಗೊಮ್ಮೆ ಫೋನಿಗೆ ಸಂದೇಶ ಬರುತ್ತಿತ್ತು, ಒಟ್ಟು ಬಾಕಿ ಇಷ್ಟು, ಕನಿಷ್ಠ ಇಷ್ಟು ಎಂದು. ಮಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಾಖೆಗೆ ಹೋಗಿ ಆ ಕನಿಷ್ಠವನ್ನು ಕಟ್ಟಿ ಬರುತ್ತಿದ್ದರು, ಒಂದು ತಿಂಗಳೂ ತಪ್ಪಿಸಲಿಲ್ಲ.

ಕಾರ್ಡ್ ಬಂದ ಮೇಲಿನ ಎರಡನೆಯ ಬೇಸಿಗೆ. ನಾನು ಶಾಲೆಯಲ್ಲಿ ಸಮಾಜ ಪಾಠ ಮಾಡುವಾಕೆ. ರಜೆ ಶುರುವಾಗಿತ್ತು, ಹೊರಗೆ ಬಿಸಿಲು ಬೆಂಕಿ. ಕೂಲರಿನ ಮುಂದೆ ಕೂತು ಮಾವಿನಕಾಯಿ ಹೆಚ್ಚುತ್ತಿದ್ದೆ. ಮಾವನವರು ಫೋನು ಹಿಡಿದು ಬಂದರು.

"ತಂಗೀ, ಇದರಾಗ ಇನ್ನ ಎಷ್ಟು ಕಂತು ಉಳದಾವ ನೋಡಿ ಹೇಳವಾ. ಸೊಸೈಟಿಯವರು ಬರದು ಕೊಡತಿದ್ರು. ಇವರು ಬರಿಯೂದೇ ಇಲ್ಲ."

ನನಗೂ ಒಂದು ಕಾರ್ಡಿದೆ. ಅದರ ಬಿಲ್ಲು ಪೂರ್ತಿಯಾಗಿ ತಾನೇ ಖಾತೆಯಿಂದ ಹೋಗುವಂತೆ ನಮ್ಮ ಮನೆಯವರು ಮಾಡಿಟ್ಟಿದ್ದರು, ಹಾಗಾಗಿ ಅದರ ಬಡ್ಡಿ ಎಷ್ಟೆಂದು ನಾನೂ ಕಣ್ಣೆತ್ತಿ ನೋಡಿದವಳಲ್ಲ. ಬ್ಯಾಂಕಿನ ಆ್ಯಪ್ ಹಾಕಿಕೊಂಡು ಬಿಲ್ಲು ತೆರೆದೆ. ಕಂತು ಎನ್ನುವ ಶಬ್ದವೇ ಅಲ್ಲಿರಲಿಲ್ಲ. ಮೊದಲ ತಿಂಗಳ ಬಾಕಿ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಈಗಲೂ ಇತ್ತು. ಇಬ್ಬರೂ ಕೂತು ಒಂದೊಂದೇ ಬಿಲ್ಲು ನೋಡುತ್ತ ಹೋದೆವು. ಇವರು ಐದು ಸಾವಿರ ಕಟ್ಟಿದರೆ ಅದರಲ್ಲಿ ನಾಲ್ಕು ಸಾವಿರಕ್ಕೂ ಮೇಲೆ ಬಡ್ಡಿಗೆ ಮತ್ತು ಆ ಬಡ್ಡಿಯ ಮೇಲಿನ ತೆರಿಗೆಗೆ ಹೋಗಿತ್ತು. ಅಸಲಿಗೆ ಸೇರುತ್ತಿದ್ದದ್ದು ನೂರರ ಲೆಕ್ಕದಲ್ಲಿ. ಅಷ್ಟರಲ್ಲಿ ಆ ತಿಂಗಳ ಔಷಧಿ, ಕಿರಾಣಿ ಬಂದು ಕೂತು ಅದನ್ನೂ ನುಂಗಿಹಾಕುತ್ತಿದ್ದವು. ಹಳೆ ಬಾಕಿ ಉಳಿದಿದ್ದರೆ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಉಪ್ಪಿನ ಪೊಟ್ಟಣಕ್ಕೂ ಬಡ್ಡಿ ಕಟ್ಟಿದ್ದೆವು.

ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮೂರೂವರೆ ಅಂದಿದ್ಲಲ್ಲ?"

"ತಿಂಗಳಿಗೆ ಮಾಮಾ. ವರ್ಷಕ್ಕ ನಲವತ್ತ ದಾಟತೈತಿ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಸಾಲದ ದುಡ್ಡಿನ ಕಿವಿ ಅಲ್ಲವೇ, ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. "ಅಂದ್ರ ನೂರಕ್ಕ ಮೂರೂವರೆ ರೂಪಾಯಿ ಬಡ್ಡಿ ಏನು? ಅಯ್ಯ, ಹಂಗ ಸಾವ್ಕಾರನೂ ತಗೊಳ್ಳೂದಿಲ್ಲಲ್ರೀ!"

ಅಷ್ಟೇ ಸಾಕಾಯಿತು. ನಮ್ಮ ಜನ ಕೈಸಾಲದ ಬಡ್ಡಿಯನ್ನು ತಿಂಗಳಿಗೆ ನೂರಕ್ಕಿಷ್ಟು ರೂಪಾಯಿ ಎಂದೇ ಹೇಳುವುದು, ತೆಲುಗಿನವರೂ ಹಾಗೇ. ಆ ಮೇಜಿನವಳು ರೂಪಾಯಿಯಲ್ಲಿ ಹೇಳಿದ್ದರೆ ನಮ್ಮ ಸಂಘದ ಹೆಂಗಸರು ಚೀಲವನ್ನು ಅವಳ ತಲೆಯ ಮೇಲೇ ಎಸೆದು ಬರುತ್ತಿದ್ದರು. ಪರ್ಸೆಂಟ್ ಎಂದದ್ದಕ್ಕೆ ಎಲ್ಲರೂ ಸರಕಾರಿ ಮರ್ಯಾದೆ ಕೊಟ್ಟರು.

ಮರುದಿನ ಮಾವನವರು ಠೇವಣಿ ಮುರಿದು ಕಾರ್ಡಿನ ಬಾಕಿಯನ್ನು ಪೂರ್ತಿ ಕಟ್ಟಿ ಬಂದರು. ನಮಗೆ ದೊಡ್ಡ ಪೆಟ್ಟೇನಲ್ಲ, ದುಡ್ಡಿತ್ತು. ಪಾಠ ಕಲಿತೆವು ಎಂದುಕೊಂಡು ನಾನು ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿದೆ. ಆದರೆ ಅವರು ಊಟಕ್ಕೆ ಕೂತವರು ಅನ್ನ ಕಲಸುತ್ತ ಕಲಸುತ್ತ ಕೈ ನಿಲ್ಲಿಸಿದರು.

"ಸಂಘದಾಗ ಎಲ್ಲಾರಿಗೂ ನಾನೇ ಹೇಳೇನಲ್ಲ" ಎಂದರು.

ನಮ್ಮ ಮನೆಯವರು ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ತಂದೆಯ ಹಾಗಲ್ಲ, ಕೆಲಸ ಸುಸೂತ್ರವಾದರೆ ಸಾಕು ಎನ್ನುವ ಜಾತಿ. ಒಂದು ಉಪಾಯ ಹೇಳಿದರು. "ಗ್ರೂಪಿನ್ಯಾಗ ಒಂದ್ ಮೆಸೇಜ್ ಹಾಕಿಬಿಡ್ರಿ ಅಪ್ಪಾ. ಬ್ಯಾಂಕಿನವರು ರೂಲ್ ಬದಲಿ ಮಾಡ್ಯಾರ, ಈಗಿಂದ ಪೂರಾ ಕಟ್ಟ್ರಿ ಅಂತ. ಎಲ್ಲಾರೂ ಉಳೀತಾರ, ನಿಮ್ಮ ಹೆಸರೂ ಉಳೀತೈತಿ."

ನನಗಂತೂ ಅದು ಬಹಳ ಚೆನ್ನಾಗಿ ಕಂಡಿತು. ಯಾರಿಗೂ ನೋವಿಲ್ಲ, ಕೆಲಸ ಆಗುತ್ತದೆ. ಸಂಘದಲ್ಲಿ ಅವರ ಮಾತಿಗಿದ್ದ ಬೆಲೆ ಎಷ್ಟು ವರ್ಷದ್ದು ಎಂದು ನಮಗೆ ಗೊತ್ತಿತ್ತಲ್ಲ.

"ಬದಲಿ ಮಾಡಿಲ್ಲಲ್ಲೋ" ಎಂದರು ಮಾವನವರು, ಅಷ್ಟೆ. ಕೈ ತೊಳೆದು ಬಂದು, "ಮೈಕ್‌ನ್ಯಾಗ ನಿಂತು ಹೇಳಿದಂವ ಮೆಸೇಜಿನ್ಯಾಗ ಹೆಂಗ ತಿದ್ದಲಿ? ಮನೀಗೆ ಹೋಗೇ ಹೇಳತೀನಿ" ಎಂದರು. ನನ್ನ ಕಡೆ ನೋಡಿ, "ನೀನೂ ಬಾರವಾ, ಆ ಆ್ಯಪ್ ತೆಗದು ತೋರಸಾಕ" ಎಂದರು.

ಆ ಬೇಸಿಗೆ ರಜೆ ನನಗೆ ಹೀಗೆ ಕಳೆಯಿತು. ಮಜ್ಜಿಗೆಯ ಬಾಟಲಿ, ಕೊಡೆ, ಫೋನಿನ ಚಾರ್ಜರು. ಒಂದು ದಿನ ಒಂದು ಮನೆ, ಕೆಲವು ದಿನ ಎರಡು. ಬೈದುಕೊಳ್ಳುತ್ತಲೇ ಹೋದೆ, ಅದನ್ನೇನೂ ಮುಚ್ಚಿಡುವುದಿಲ್ಲ. ಅವರ ಪದ್ಧತಿ ನೋಡಿ ಇನ್ನೂ ಸಿಟ್ಟು ಬರುತ್ತಿತ್ತು. ಯಾರ ಮನೆಗೆ ಹೋದರೂ ಕೂರುವ ಮೊದಲೇ, ನೀರು ಮುಟ್ಟುವ ಮೊದಲೇ, ಹೊಸ್ತಿಲ ಒಳಗೆ ನಿಂತುಕೊಂಡು, "ಕಾರ್ಡಿನ ವಿಷಯ ನಾ ನಿಮಗ ತಪ್ಪು ಹೇಳೇನಿ" ಎನ್ನುವರು. ಮನೆಯವರು ಗಾಬರಿಯಾಗಿ, "ಒಳಗ ಬರ್ರಿ, ಮೊದಲ ನೀರ ಕುಡೀರಿ" ಎಂದು ಚೊಂಬು ಹಿಡಿದುಕೊಂಡು ನಿಲ್ಲುವರು. ಇವರು ಹೇಳಿ ಮುಗಿಸದೆ ಕೈಚಾಚುತ್ತಿರಲಿಲ್ಲ. ನಮ್ಮಲ್ಲಿ ಮನೆಗೆ ಬಂದವರು ನೀರು ಕುಡಿಯದೆ ನಿಂತರೆ ಏನೋ ಸಾವಿನ ಸುದ್ದಿಯೇ ಇರಬೇಕು ಎಂದುಕೊಳ್ಳುತ್ತಾರೆ. "ಕೂತು ಹೇಳಿದರ ಏನ ಹೋಗತೈತಿ ಮಾಮಾ?" ಎಂದು ಒಮ್ಮೆ ರೇಗಿಯೇ ಕೇಳಿದೆ. "ಚಹಾ ಕುಡದ ಮ್ಯಾಲೆ ನನಗ ಹೇಳಾಕ ಬಾಯಿ ಬರೂದಿಲ್ಲವಾ" ಎಂದರು.

ಎಲ್ಲರೂ ಒಂದೇ ಥರ ಇರಲಿಲ್ಲ. ಮಣಿಕೊಂಡದಲ್ಲಿ ಮಗನ ಮನೆಯ ಹತ್ತೊಂಬತ್ತನೆಯ ಮಹಡಿಯಲ್ಲಿದ್ದ ಅವರ ಹಳೆಯ ಗೆಳೆಯರೊಬ್ಬರು ಬಿದ್ದು ಬಿದ್ದು ನಕ್ಕರು. ಅವರ ಬಿಲ್ಲನ್ನು ಮಗ ಪೂರ್ತಿ ಕಟ್ಟುತ್ತಿದ್ದನಂತೆ, ತಮಗೆ ಕಾರ್ಡ್ ಎಲ್ಲಿದೆ ಎಂದೂ ಗೊತ್ತಿಲ್ಲವಂತೆ. "ಇದಕ್ಕ ಇಷ್ಟು ದೂರ ಬಿಸಲಾಗ ಬಂದ್ಯಾ? ತಲಿ ಕೆಟ್ಟೈತಿ ನಿನಗ" ಎಂದು ಮಾವಿನ ಶೀಕರಣೆ ತಿನ್ನಿಸಿ ಕಳಿಸಿದರು. ಇನ್ನೊಬ್ಬರು ನಂಬಲೇ ಇಲ್ಲ. ಬ್ಯಾಂಕು ಹಾಗೆ ಮಾಡುವುದಿಲ್ಲ ಎಂದು ಬ್ಯಾಂಕಿನ ಪರವಾಗಿಯೇ ವಾದಿಸಿದರು. ಅವರ ಬಿಲ್ಲು ತೆರೆದು ತೋರಿಸಿದಾಗ ಮುಖ ಸಣ್ಣದಾಯಿತು, ನಮ್ಮನ್ನು ಬಾಗಿಲವರೆಗೆ ಕಳಿಸಲೂ ಬರಲಿಲ್ಲ. ಮಾವನವರು ಲಿಫ್ಟಿನಲ್ಲಿ ಗೋಡೆ ನೋಡುತ್ತ ಇಳಿದರು.

ಮಾವನವರು ಉಳಿಸಿ ಉಳಿಸಿ ಕೊನೆಗೆ ಇಟ್ಟದ್ದು ದಿಲ್‌ಸುಖ್‌ನಗರದ ಮನೆಯನ್ನು. ಅಲ್ಲಿ ಇದ್ದವರು ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದು, ನೌಕರಿಯಲ್ಲಿದ್ದಾಗಲೇ ತೀರಿಕೊಂಡ ಒಬ್ಬರ ಹೆಂಡತಿ. ಗಂಡ ಹೋದಾಗ ಆಕೆಯ ಕುಟುಂಬ ಪಿಂಚಣಿಯ ಕಾಗದಗಳನ್ನು ಓಡಾಡಿ ಮಾಡಿಸಿಕೊಟ್ಟವರು ಇವರೇ. ಮಗಳು ಡಾಕ್ಟರಾಗಬೇಕು ಎಂಬ ಒಂದೇ ಹಟ ಆಕೆಗೆ. ಕೋಚಿಂಗಿಗೆ ಹತ್ತಿರವಾಗಲೆಂದು ಎರಡು ಕೋಣೆಯ ಬಾಡಿಗೆ ಮನೆಗೆ ಬಂದು ಕೂತಿದ್ದರು. ಬಾಲಾನಗರದಿಂದ ಮೆಟ್ರೊ ಹತ್ತಿದೆವು. ಇಳಿಯುವಾಗ ಮಾವನವರು, "ಆಕಿ ಕಾರ್ಡ್ ಬಳಸಿರಲಿಕ್ಕಿಲ್ಲ, ಅಲ್ಲಾ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು, ಬಳಸಿರಲಿಕ್ಕಿಲ್ಲ ಎಂದೆ.

ಬಳಸಿದ್ದರು. ಮಗಳ ಕೋಚಿಂಗಿನ ಫೀಸು ಪೂರ್ತಿ ಅದರಲ್ಲೇ ಕಟ್ಟಿದ್ದರು, ಮೇಲೆ ಪುಸ್ತಕ, ಮೇಲೆ ಹುಡುಗಿಗೆ ಟೈಫಾಯ್ಡ್ ಆದಾಗಿನ ಖರ್ಚು. ಪಿಂಚಣಿ ಬಂದ ದಿನವೇ ಕನಿಷ್ಠ ಎಷ್ಟೆಂದು ನೋಡಿ ಕಟ್ಟುತ್ತಿದ್ದರು. ಇನ್ನು ಕೆಲವು ತಿಂಗಳಲ್ಲಿ ತೀರುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದರು. ಮಾವನವರು ಹೊಸ್ತಿಲಲ್ಲಿ ನಿಂತು ಹೇಳಿದ್ದನ್ನು ಆಕೆ ಕೈಯಲ್ಲಿ ನೀರಿನ ಲೋಟ ಹಿಡಿದುಕೊಂಡೇ ಕೇಳಿದರು. ಆಕೆಯ ಬಿಲ್ಲು ತೆರೆದು ನಾನು ಓದಿ ಹೇಳಿದೆ. ಆ ಮಾತುಗಳನ್ನು ಓದುವುದು ನನಗೆ ಬಹಳ ಕಷ್ಟವಾಯಿತು. ಇಷ್ಟು ದಿನ ಕಟ್ಟಿದ್ದು ಬಹುಪಾಲು ಬಡ್ಡಿಗೇ ಹೋಗಿದೆ, ಫೀಸಿನ ಸಾಲ ಹಾಗೆಯೇ ಇದೆ ಎಂದು ಒಬ್ಬ ತಾಯಿಗೆ ಹೇಗೆ ಹೇಳುವುದು?

ಆಕೆ ಅಳಲಿಲ್ಲ. ಲೋಟವನ್ನು ಕೆಳಗಿಟ್ಟರು.

"ಸಾಹೇಬ್ರ, ಬ್ಯಾಂಕಿನಾಕಿ ಹೇಳಿದ್ರ ನಾ ನಾಕ ಮಂದೀನ ಕೇಳತಿದ್ದೆ. ನೀವು ಹೇಳಿದ್ರಿ ಅಂತ ಯಾರನ್ನೂ ಕೇಳಲಿಲ್ಲ."

ಮಾವನವರು ತಲೆ ಎತ್ತಿಕೊಂಡೇ ಕೇಳಿಸಿಕೊಂಡರು. ನಾನು ಅವರ ಜಾಗದಲ್ಲಿದ್ದರೆ ನೆಲ ನೋಡುತ್ತಿದ್ದೆ, ಇಲ್ಲವೇ ಆ ಬ್ಯಾಂಕಿನವಳನ್ನು ಬೈಯುತ್ತಿದ್ದೆ. ಅವರು ಎರಡೂ ಮಾಡಲಿಲ್ಲ. "ಖರೇ ಐತಿ" ಎಂದರು. ಇಷ್ಟು ದಿನ ಹೋದ ಬಡ್ಡಿಯನ್ನು ತಾವೇ ಕೊಡುವುದಾಗಿ ಹೇಳಿದರು. ಅದಕ್ಕೆಂದೇ ಠೇವಣಿಯಲ್ಲಿ ಸ್ವಲ್ಪ ತೆಗೆದಿಟ್ಟಿದ್ದರೆಂದು ನನಗೆ ಆಗಲೇ ತಿಳಿದದ್ದು.

"ಬ್ಯಾಡ" ಎಂದರು ಆಕೆ, ಕಟುವಾಗಿಯೇ. "ದುಡ್ಡ ಕೊಟ್ಟ್ರ ನಿಮಗ ಹಗುರಾಗತೈತಿ, ನನಗ ಭಾರಾಗತೈತಿ. ಈಗ ಏನ ಮಾಡಬೇಕು ಅದನ್ನ ಹೇಳ್ರಿ."

ಅಷ್ಟರಲ್ಲಿ ಮಾವನವರು ಈ ವಿದ್ಯೆಯನ್ನು ಪರೀಕ್ಷೆಗೆ ಕೂತವರ ಹಾಗೆ ಓದಿಕೊಂಡಿದ್ದರು. ಮೊದಲು ಕಾರ್ಡಿನಿಂದ ಹೊಸ ಖರ್ಚು ನಿಲ್ಲಬೇಕು. ಕಡಿಮೆ ಬಡ್ಡಿಯ ಬೇರೆ ಸಾಲ ತೆಗೆದು ಇದನ್ನು ಒಂದೇ ಸಲಕ್ಕೆ ಮುಗಿಸಬೇಕು. ಬಾಕಿಯನ್ನು ನಿಜವಾದ ಕಂತುಗಳನ್ನಾಗಿ ಮಾಡಿಕೊಡಿ ಎಂದು ಆ ಬ್ಯಾಂಕನ್ನೇ ಕೇಳಬಹುದು, ಅದಕ್ಕೆ ಬಡ್ಡಿ ಕಡಿಮೆ. ಬಂಗಾರದ ಮೇಲಿನ ಸಾಲ ಅದಕ್ಕಿಂತಲೂ ಕಡಿಮೆ. ಎಲ್ಲವನ್ನೂ ಹೇಳಿ, ಈ ಸಲ ಪ್ರತಿಯೊಂದಕ್ಕೂ ತಿಂಗಳಿಗೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ಎರಡೂ ಹೇಳಿದರು.

ಆಕೆ ಒಳಗೆ ಹೋಗಿ ಬಂಗಾರದ ಪಾಟ್ಲಿ ಬಳೆ ತಂದರು. "ಇವು ಕೈಯಾಗಿದ್ರೂ ಅಷ್ಟ, ಬ್ಯಾಂಕಿನ್ಯಾಗಿದ್ರೂ ಅಷ್ಟ. ನಡೀರಿ ಹೋಗೂಣು" ಎಂದು ಸೆರಗು ಸರಿಮಾಡಿಕೊಂಡೇಬಿಟ್ಟರು. ಅದೇ ಮಧ್ಯಾಹ್ನ ಮುಖ್ಯರಸ್ತೆಯ ಜನಜಂಗುಳಿಯಲ್ಲಿ ನಾವು ಮೂವರೂ ಬ್ಯಾಂಕಿಗೆ ಹೋದೆವು. ಪಾಟ್ಲಿಗಳನ್ನು ತೂಗುವಾಗ ಮಾವನವರು ತಕ್ಕಡಿಯ ಸೊನ್ನೆ ಸರಿಯಾಗಿದೆಯೇ ಎಂದು ಬಗ್ಗಿ ನೋಡಿದರು; ಬಂಗಾರ ಪರೀಕ್ಷಿಸಲು ಬ್ಯಾಂಕು ಕೂರಿಸಿದ್ದ ಅಕ್ಕಸಾಲಿಗ ಹುಬ್ಬೇರಿಸಿದ. ಸಂಜೆಗೆ ಆಕೆಯ ಕಾರ್ಡಿನ ಬಾಕಿ ತೀರಿತು. ಆಕೆ ನಮ್ಮನ್ನು ಮೆಟ್ರೊ ಮೆಟ್ಟಿಲವರೆಗೆ ಕಳಿಸಲು ಬಂದರು, ಆದರೆ ಮಾವನವರಿಗೆ ಹೋಗಿ ಬರ್ರಿ ಎನ್ನಲಿಲ್ಲ. ನನಗೆ ಮಾತ್ರ ಹೇಳಿದರು.

ರೈಲಿನಲ್ಲಿ ನಿಂತೇ ಬಂದೆವು. ಯಾರೋ ಎದ್ದು ಕೊಟ್ಟ ಜಾಗದಲ್ಲಿ ಕೂರಲು ಮಾವನವರು ಒಪ್ಪಲಿಲ್ಲ. ಬೆವರಿ ಬೆನ್ನಿಗಂಟಿದ ಅಂಗಿ, ಗಟ್ಟಿಯಾಗಿ ಹಿಡಿದ ಕಂಬ. ಈ ಮನುಷ್ಯನ ಮೇಲೆ ನನಗೆ ಆ ದಿನ ಹುಟ್ಟಿದ ಗೌರವ ಮೊದಲು ಇರಲಿಲ್ಲ ಎಂದೇ ಹೇಳುತ್ತೇನೆ. ಸರಿ ಇರುವಾಗ ನೆಟ್ಟಗೆ ನಿಲ್ಲುವವರನ್ನು ನಾನು ಬೇಕಾದಷ್ಟು ನೋಡಿದ್ದೆ, ಅವರಲ್ಲಿ ಅರ್ಧಕ್ಕರ್ಧ ಜನ ನನ್ನ ತವರಿನವರೇ. ತಪ್ಪಿದ್ದಾಗ ಹೀಗೆ ನಿಲ್ಲುವವರನ್ನು ನೋಡಿರಲಿಲ್ಲ.

ಆಮೇಲಿನ ತಿಂಗಳು ಸಂಘದ ವಾರ್ಷಿಕ ಸಭೆ. ಮಾವನವರು ವೇದಿಕೆ ಹತ್ತಿ ಮೈಕ್ ಹಿಡಿದು ಎಲ್ಲವನ್ನೂ ಹೇಳಿದರು, ಯಾರ ಮನೆಯ ವಿಷಯವನ್ನೂ ಹೇಳಲಿಲ್ಲ, ತಮ್ಮದನ್ನೇ ಹೇಳಿಕೊಂಡರು. ಉಪ್ಪಿನ ಪೊಟ್ಟಣಕ್ಕೆ ಬಡ್ಡಿ ಕಟ್ಟಿದ್ದನ್ನೂ ಬಿಡಲಿಲ್ಲ. ಕನಿಷ್ಠ ಕಟ್ಟಿದರೆ ದಂಡವಷ್ಟೇ ತಪ್ಪುತ್ತದೆ, ಸಾಲ ಕರಗುವುದಿಲ್ಲ. ತಾರೀಖಿನೊಳಗೆ ಪೂರ್ತಿ ಕಟ್ಟುವುದಾದರೆ ಕಾರ್ಡು ಒಳ್ಳೆಯದೇ, ಆಗದಿದ್ದರೆ ಮುಟ್ಟಬೇಡಿ. ಅದರಿಂದ ನಗದು ತೆಗೆದರಂತೂ ತೆಗೆದ ಗಳಿಗೆಯಿಂದಲೇ ಬಡ್ಡಿ. ಇಷ್ಟು ಹೇಳಿ, ಖಜಾಂಚಿ ಕೆಲಸವನ್ನು ಬೇರೆಯವರಿಗೆ ಕೊಡಿ ಎಂದರು.

"ಸಂಘದ ಲೆಕ್ಕ ಒಂದ್ ಪೈಸಾ ತಪ್ಪಿಲ್ಲಲ್ರೀ, ಯಾಕ ಬಿಡತೀರಿ?" ಎಂದು ಒಬ್ಬರು ಕೇಳಿದರು.

"ಲೆಕ್ಕ ತಪ್ಪಿಲ್ಲ. ಇಲ್ಲಿ ನಿಂತು ಆಡಿದ ಮಾತು ತಪ್ಪೈತಿ."

ಎಲ್ಲರೂ ಬೇಡ ಬೇಡ ಎಂದು ಎದ್ದು ನಿಲ್ಲುತ್ತಾರೆ ಎಂದು ನಾನು ಕಾಯುತ್ತಿದ್ದೆ. ಯಾರೂ ನಿಲ್ಲಲಿಲ್ಲ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಹಿರಿಯರ ಇಚ್ಛೆಯನ್ನು ಗೌರವಿಸೋಣ ಎಂದರು, ಚಪ್ಪಾಳೆ ಬಿತ್ತು, ಹೊಸ ಖಜಾಂಚಿ ಆಯ್ಕೆಯಾದರು. ನನಗೆ ಬಂದ ಸಿಟ್ಟಿಗೆ ಆ ದಿನದ ಹೋಳಿಗೆಯನ್ನೂ ಮುಟ್ಟಲಿಲ್ಲ. ಬಿಸಿಲಲ್ಲಿ ಮನೆಮನೆ ಅಲೆದು ಇವರ ದುಡ್ಡು ಉಳಿಸಿದವರಿಗೆ ಇದೇನಾ ಎಂದು ಬರುವ ದಾರಿಯುದ್ದ ಬೈದೆ. ಮಾವನವರು ಎರಡು ಹೋಳಿಗೆ ತುಪ್ಪ ಹಾಕಿಸಿಕೊಂಡು ತಿಂದಿದ್ದರು.

ಅದಾದ ಮೇಲೆ ನಮ್ಮ ಮನೆಗೆ ಕಾಗದ ಹಿಡಿದು ಬರುವವರು ನಿಂತುಹೋದರು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ, ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಇತ್ತು, ಆದರೆ ಅರ್ಜಿ ತುಂಬಿಸಲು, ಹುಡುಗನನ್ನು ವಿಚಾರಿಸಲು ಹೊಸ ಖಜಾಂಚಿಯ ಮನೆ ಹಿಡಿದರು. ಮಾವನವರು ಬೆಳಗಿನ ತಿಂಡಿಯಾದ ಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಗಿನ ಕೋಣೆಯಲ್ಲಿ ಕೂತಿರುತ್ತಿದ್ದರು, ಮೊದಲಿನ ಹಾಗೇ. ಗೇಟಿನ ಸದ್ದಾದರೆ ಪತ್ರಿಕೆ ಇಳಿಸಿ ನೋಡುತ್ತಿದ್ದರು. ಬಂದದ್ದು ಹಾಲಿನವಳೋ ಕೊರಿಯರೋ ಆಗಿರುತ್ತಿತ್ತು. ಅತ್ತೆ ಒಳಗಿನಿಂದ ನನ್ನ ಮುಖ ನೋಡುವರು. ನಾನು ಅವರ ಮುಖ ನೋಡುತ್ತಿರಲಿಲ್ಲ, ನೋಡಿದರೆ ಅಳು ಬರುತ್ತಿತ್ತು.

ಮಳೆ ಹಿಡಿದುಕೊಂಡ ಒಂದು ಭಾನುವಾರ ಗೇಟು ಸದ್ದಾಯಿತು. ದಿಲ್‌ಸುಖ್‌ನಗರದ ಆಕೆ. ಸೀರೆಯ ಅಂಚೆಲ್ಲ ಒದ್ದೆ, ಎದೆಗೆ ಒತ್ತಿ ಹಿಡಿದ ಪ್ಲಾಸ್ಟಿಕ್ ಫೈಲು. ಮಗಳಿಗೆ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಓದಿನ ಸಾಲಕ್ಕೆ ಬ್ಯಾಂಕಿನವರು ಕಾಗದ ಕೊಟ್ಟಿದ್ದರು. ನಾನು ಒಳಗೆ ಓಡಿ ಅತ್ತೆಗೆ ಹೇಳಿದೆ, ಅವರು ಆಗಲೇ ಕೇಳಿಸಿಕೊಂಡು ಸಕ್ಕರೆ ಡಬ್ಬಿ ಹುಡುಕುತ್ತಿದ್ದರು.

ಮಾವನವರು ಫೈಲು ಮುಟ್ಟಲಿಲ್ಲ. "ನನ್ನ ಕಡೆ ಯಾಕ ತಂದ್ರಿ ಇದನ್ನ? ನಾ ಒಮ್ಮೆ ತಪ್ಪು ಹೇಳಿದಂವ. ಬ್ಯಾಂಕಿನವರನ್ನೇ ಕೇಳ್ರಿ."

ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದರು. "ಅವರು ತಪ್ಪು ಹೇಳಿದ್ರ ನನಗ ತಿಳಿಯೂದು ಹೆಂಗ್ರಿ? ನೀವು ತಪ್ಪು ಹೇಳಿದ್ರ ಮೆಟ್ರೊ ಹತ್ತಿ ಬಂದು ಹೇಳತೀರಿ."

ಮಾವನವರು ಫೈಲನ್ನು ತೊಡೆಯ ಮೇಲೆಳೆದುಕೊಂಡು ಮೊದಲ ಪುಟ ತೆಗೆದು ಓದಲು ಶುರುಮಾಡಿದರು, ಗಟ್ಟಿಯಾಗಿ, ಆಕೆಗೂ ಕೇಳಿಸುವಂತೆ. ಎರಡನೆಯ ಸಾಲಿಗೇ ದನಿ ಒಡೆಯಿತು. ಆಕೆ, "ಸಾವಕಾಶ ಓದ್ರಿ" ಎಂದರು.